ಮೆಟ್ಟಿಲು ಹತ್ತು

ಮಗಳ ಬಲ ಮೊಣಕಾಲನ್ನು ನಾನು ಮೊದಲ ಸಲ ಅಳೆದದ್ದು ಧನುರ್ಮಾಸದ ಒಂದು ಬೆಳಿಗ್ಗೆ, ಪೂಜೆ ಮುಗಿಸಿ ಕೈ ಒರೆಸಿಕೊಂಡ ಮೇಲೆ. ರವಿಕೆ ಹೊಲಿಯುವ ಟೇಪೇ ಅದಕ್ಕೂ ಆಯಿತು. ಇಂಚಿನ ಕಡೆಯಲ್ಲ, ಸೆಂಟಿಮೀಟರಿನ ಕಡೆ ನೋಡಬೇಕು ಎಂದು ಅವಳ ತಂಡದ ಫಿಸಿಯೋ ಮೇಡಂ ಫೋನಿನಲ್ಲಿ ಎರಡು ಸಲ ಹೇಳಿದ್ದರು. ಮೊಣಕಾಲ ಚಿಪ್ಪಿನ ನಡುಭಾಗಕ್ಕೆ ಒಂದು ಅಳತೆ, ಅಲ್ಲಿಂದ ಒಂದು ಗೇಣು ಮೇಲೆ ತೊಡೆಗೆ ಇನ್ನೊಂದು. ಮೊಣಕಾಲಿನದು ಇಳಿಯಬೇಕು, ಏಕೆಂದರೆ ಅದು ಬಾವು. ತೊಡೆಯದು ಏರಬೇಕು, ಏಕೆಂದರೆ ಅದು ಶಕ್ತಿ. ಆ ದಿನ ಬಲ ತೊಡೆ ಎಡ ತೊಡೆಗಿಂತ ನಾಲ್ಕು ಸೆಂಟಿಮೀಟರ್ ಸಣ್ಣಗಿತ್ತು. ಆಪರೇಷನ್ ಆಗಿ ಒಂದೇ ತಿಂಗಳಾಗಿತ್ತು. ನಾನು ಹೊಸ ನೋಟ್‌ಬುಕ್ಕಿನ ನೆತ್ತಿಯಲ್ಲಿ ಶ್ರೀ ಎಂದು ಬರೆದು ಕುಂಕುಮ ಹಚ್ಚಿ, ಅದರ ಕೆಳಗೆ ಎರಡೂ ಅಳತೆ ಬರೆದುಕೊಂಡೆ.

ನನ್ನ ಮಗಳು ಫುಟ್‌ಬಾಲ್ ಆಡುತ್ತಾಳೆ. ಅದೇ ಅವಳ ಕೆಲಸ, ಸಂಬಳ ಬರುವುದೂ ಅದರಿಂದಲೇ. ಅವಳದು ಹತ್ತು ನಂಬರಿನವಳ ಜಾಗ. ಗೋಲು ಹೊಡೆಯುವವರ ಹಿಂದೆ, ತಡೆಯುವವರ ಮುಂದೆ, ನಡುವಿನ ಇಕ್ಕಟ್ಟಿನಲ್ಲಿ ನಿಲ್ಲುವುದು. ಎದುರಾಳಿಯ ಗೋಲಿಗೆ ಬೆನ್ನು ಹಾಕಿ ಚೆಂಡು ತೆಗೆದುಕೊಳ್ಳಬೇಕು, ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗಬೇಕು, ಮುಂದೆ ಓಡುವವಳ ಕಾಲಿಗೆ ಚೆಂಡು ಸಿಗುವಂತೆ ಮಾಡಬೇಕು. ದೀಪಾವಳಿ ಆದಮೇಲಿನ ಒಂದು ಪಂದ್ಯದಲ್ಲಿ ಹಾಗೆ ತಿರುಗುವಾಗ ಬೂಟು ಹುಲ್ಲಿನಲ್ಲಿ ಕಚ್ಚಿಕೊಂಡು ಪಾದ ಅಲ್ಲೇ ನಿಂತಿತು, ಮೈ ತಿರುಗಿತು. ಯಾರೂ ಮುಟ್ಟಿರಲಿಲ್ಲ. ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿದಿತ್ತು.

ಕ್ಲಬ್ಬಿನವರು ಆಪರೇಷನ್ ಮಾಡಿಸಿ, ಒಂದು ತಿಂಗಳು ತಮ್ಮಲ್ಲೇ ಇಟ್ಟುಕೊಂಡು, ತಮಿಳುನಾಡಿನ ಗಡಿಯೊಳಗೆ ಉದ್ದನಪಲ್ಲಿ ಹತ್ತಿರದ ನಮ್ಮ ಮನೆಗೆ ಕಳುಹಿಸಿದರು. ಜೊತೆಗೆ ಒಂದು ಮಾತು ಹೇಳಿದರು. ಮೂರನೇ ತಿಂಗಳ ವರದಿ ಚೆನ್ನಾಗಿದ್ದರೆ ಹತ್ತನೇ ನಂಬರಿನ ಜರ್ಸಿ ಅವಳಿಗೇ ಇಟ್ಟಿರುತ್ತೇವೆ, ಮುಂದಿನ ಸೀಸನ್ನಿನ ಒಪ್ಪಂದಕ್ಕೂ ಆಗಲೇ ಸಹಿ ಹಾಕುತ್ತೇವೆ. ಇಲ್ಲದಿದ್ದರೆ ಜರ್ಸಿ ಬೇರೆಯವಳಿಗೆ. ಒಪ್ಪಂದದ ಮಾತೇನಿದ್ದರೂ ಆಷಾಢದಲ್ಲಿ, ತಮಿಳರ ಆಡಿ ತಿಂಗಳಿನಲ್ಲಿ, ನಡೆಯುವ ಶಿಬಿರದಲ್ಲಿ ಪರೀಕ್ಷೆ ಮಾಡಿದ ಮೇಲೆ.

ಮನೆಯಲ್ಲಿ ನೋಡಿಕೊಳ್ಳುವವಳು ನಾನೇ. ಯಜಮಾನರು ಹೊಸೂರಿನ ಫ್ಯಾಕ್ಟರಿಗೆ ಹೋಗಿಬರುತ್ತಾರೆ, ಉಳಿದ ಹೊತ್ತು ಟೊಮೇಟೊ ತೋಟ. ಹಾಗಾಗಿ ಹಿಮ್ಮಡಿ ಜಾರಿಸುವುದು, ಪಾದದ ಹರಡಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಮೊಣಕಾಲನ್ನು ನೆಲಕ್ಕೆ ಒತ್ತಿಸುವುದು, ಕಾಲು ನೇರ ಎತ್ತಿ ಹಿಡಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಸಿಮೆಂಟು ನೆಲದ ಮೇಲೆ ಹಿಮ್ಮಡಿ ಸರಾಗ ಜಾರಲಿ ಎಂದು ಹಳೆಯ ಪ್ಲಾಸ್ಟಿಕ್ ಕವರು ಹಾಸಿದೆ. ಐಸ್ ಇಡಬೇಕು, ದಿನಕ್ಕೆ ನಾಲ್ಕು ಸಲ. ನಮ್ಮ ಫ್ರಿಜ್ಜಿನ ಐಸ್ ತಟ್ಟೆ ಒಡೆದು ವರ್ಷವಾಗಿತ್ತು. ಚಳಿಗಾಲ, ಅವರೆಕಾಯಿ ಕಾಲ; ಇದುಕಿದ ಕಾಳನ್ನು ಕವರಿನಲ್ಲಿ ಕಟ್ಟಿ ಮೇಲಿನ ಖಾನೆಯಲ್ಲಿ ಇಟ್ಟಿದ್ದೆ. ಅದನ್ನೇ ತೆಗೆದು ಮೊಣಕಾಲಿಗೆ ಕಟ್ಟಿದೆ. ಐಸ್ ಗಡ್ಡೆಗಿಂತ ಚೆನ್ನಾಗಿ ಚಿಪ್ಪಿನ ಸುತ್ತ ಕೂತಿತು.

"ಏನಮ್ಮಿ, ಸಾರಿಗಿಟ್ಟಿದ್ದ ಕಾಳು ಕಾಲಿಗೆ ಕಟ್ಬುಟ್ಟಿದೀಯಲ್ಲ! ನಂಗೇನು ಮುದ್ದೆ ಜೊತೆಗೆ ಟೇಪ್ ಬಡಿಸ್ತೀಯಾ?" ಎಂದರು ಯಜಮಾನರು.

"ಸುಮ್ಕಿರಿ. ದಿನಾ ನಾಕು ಸಲ ಕರಗಿ ಗಟ್ಟಿಯಾಗಿರೋ ಕಾಳು, ತಿನ್ನಂಗಿಲ್ಲ. ನಿಮ್ಗೆ ಹುರುಳಿ ಸಾರು ಐತೆ."

ಮಗಳು ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ ಎಂದು ನೆನಪು. ನಾನು ಅದನ್ನೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಮುಂಭಾಗದ ಹಾಳೆಗಳಲ್ಲಿ ಅಳತೆ, ಕೊನೆಯ ಹಾಳೆಯಲ್ಲಿ ದೇವರ ದಯೆ. ಹೊಲಿಗೆ ಬಿಚ್ಚಿದ ಜಾಗ ಕೀವಾಗಲಿಲ್ಲ. ಕರೆಂಟು ಹೋದ ದಿನ ಕಾಳು ಸಂಜೆಯವರೆಗೂ ಕರಗಲಿಲ್ಲ. ಮಗಳು ನಕ್ಕಳು. ಇಂಥವೇ.

ಆದರೆ ಅವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಮಲಗಿದ್ದರೂ ಎಡಗಾಲು ಚೆಂಡು ತಟ್ಟುವ ಹಾಗೆ ಗೋಡೆಗೆ ತಟ್ಟುತ್ತಲೇ ಇರುತ್ತಿತ್ತು. ಗೋಡೆಯ ಸುಣ್ಣ ಅಷ್ಟಗಲ ಉದುರಿತ್ತು. ಅವಳ ಚಡಪಡಿಕೆ ನನಗೂ ಅಂಟಿತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ವಿಷ್ಣು ಸಹಸ್ರನಾಮ ಹೇಳುತ್ತ ನಡುವೆ ಎಲ್ಲಿದ್ದೇನೆಂದು ಮರೆತು ಮೊದಲಿಂದ ಶುರು ಮಾಡುತ್ತಿದ್ದೆ. ಅವಳು ಊರುಗೋಲು ಬಿಟ್ಟು ನಡೆಯುವ ದಿನ, ಗುಡ್ಡದ ಮೇಲಿನ ತಿಮ್ಮರಾಯಸ್ವಾಮಿಗೆ ಅವಳನ್ನು ಮೆಟ್ಟಿಲು ಹತ್ತಿಸಿ ಕರೆದುಕೊಂಡು ಬರುತ್ತೇನೆ ಎಂದು ಹರಕೆ ಹೊತ್ತದ್ದು ಆಗಲೇ.

ಸಂಕ್ರಾಂತಿ ಹೊತ್ತಿಗೆ ಊರುಗೋಲು ಮೂಲೆ ಸೇರಿತು. ಬಾವು ಬಹುತೇಕ ಇಳಿದಿತ್ತು. ತೊಡೆ ಎರಡು ಸೆಂಟಿಮೀಟರ್ ತುಂಬಿಕೊಂಡಿತ್ತು.

ಆ ವಾರದ ಶನಿವಾರ ಮಧ್ಯಾಹ್ನ ಫಿಸಿಯೋ ಮೇಡಂ ಫೋನ್ ಮಾಡಿದಾಗ ಮಗಳು ಅಪ್ಪನ ಮೊಬೈಲಿನಲ್ಲಿ ತನ್ನ ತಂಡದ ಆಟ ನೋಡುತ್ತ ಕೂತಿದ್ದಳು. ಅವಳ ಜಾಗದಲ್ಲಿ ಹೊಸ ಹುಡುಗಿಯೊಬ್ಬಳು ಆಡುತ್ತಿದ್ದಳು.

"ಬಾರೇ, ಮೇಡಂ ಮಾತಾಡ್ತಾರಂತೆ."

"ನೀನೇ ಮಾತಾಡಮ್ಮ. ಇವ್ಳು ನೋಡು, ಮೂರು ಸಲ ತಿರುಗ್ಬುಟ್ಲು. ಮೂರು ಸಲಾನೂ ಸರಿಯಾಗಿ ತಿರುಗವ್ಳೆ."

ಹೊಗಳುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನಾನೇ ಮಾತಾಡಿದೆ. ಮೇಡಂ ತಮಿಳಿನವರು. ತಂಡದ ಜೊತೆ ದೂರದ ಊರಿಗೆ ಹೊರಟಿದ್ದರು, ಫೋನು ಸರಿಯಾಗಿ ಸಿಗುವುದಿಲ್ಲ ಎಂದು ಮುಂದಿನ ಎರಡು ವಾರದ್ದನ್ನೂ ಒಟ್ಟಿಗೆ ಹೇಳಿದರು. ಅವರು ಹೇಳಿದ್ದರಲ್ಲಿ ಒಂದು, "ಪತ್ತು ಪಡಿ." ಒಂದು ಇಟ್ಟಿಗೆಯಷ್ಟು ಎತ್ತರದ ಮೆಟ್ಟಿಲಿನ ಮೇಲೆ ಕಾಲಿಟ್ಟು ಏರಿ ಇಳಿಯುವುದು, ಹತ್ತು ಸಲ. ಅದು ಎರಡನೇ ಸೋಮವಾರದಿಂದ. ನಾನು ಕನ್ನಡ ಶಾಲೆಯಲ್ಲಿ ಓದಿದವಳು, ತಮಿಳು ಮಾತು ಬರುತ್ತದೆ, ಬರೆಯಲು ಬಾರದು. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು. ಅವಸರದಲ್ಲಿ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಬರೆದೆ: ಎರಡನೇ ಸೋಮವಾರದಿಂದ ಮೆಟ್ಟಿಲು ಹತ್ತು. ನಿಧಾನ.

ಒಂಬತ್ತು ದಿನ ಕಳೆಯಿತು. ಆ ಸೋಮವಾರ ಬೆಳಿಗ್ಗೆ ದೀಪ ಹಚ್ಚಿ ನೋಟ್‌ಬುಕ್ಕು ತೆರೆದೆ. ನನ್ನದೇ ಅಕ್ಷರ. ಮೆಟ್ಟಿಲು ಹತ್ತು. ಇಟ್ಟಿಗೆಯ ನೆನಪು, ಎಣಿಕೆಯ ನೆನಪು ಯಾವುದೂ ಬರಲಿಲ್ಲ. ಕಂಡದ್ದು ಗುಡ್ಡ, ಕೇಳಿದ್ದು ಹರಕೆ. ಮೈ ಜುಮ್ಮೆಂದಿತು. ಮೇಡಂ ಬಾಯಲ್ಲಿ ಸ್ವಾಮಿಯೇ ಕರೆದಿದ್ದಾನೆ ಎಂದುಕೊಂಡೆ.

"ಏಳೇ, ಸ್ನಾನ ಮಾಡು. ಮೇಡಂ ಇವತ್ತಿಂದ ಮೆಟ್ಲು ಹತ್ತು ಅಂದವ್ರೆ. ಗುಡ್ಡಕ್ಕೆ ಹೋಗ್ಬರಾನ."

"ನಿಜ್ವಾಗ್ಲೂ ಹತ್ತು ಅಂದ್ರಾ?"

"ಬರ್ಕೊಂಡಿದೀನಿ, ನೋಡು ಬೇಕಾದ್ರೆ."

ನೋಡಿ ಅವಳಿಗೇನು ತಿಳಿಯಬೇಕು? ಅವಳು ಓದಿದ್ದೆಲ್ಲ ತಮಿಳಿನಲ್ಲಿ, ಕನ್ನಡ ಅಕ್ಷರ ಅವಳಿಗೆ ಗೆರೆ, ಸೊನ್ನೆ. ತಿಳಿಯುವ ಗೋಜಿಗೂ ಅವಳು ಹೋಗಲಿಲ್ಲ. ಮನೆಗೆ ಬಂದ ಮೇಲೆ ಮೊದಲ ಸಲ ಹೊರಗೆ ಹೋಗುವ ಮಾತು ಬಂದಿತ್ತು. ನಾನು ಕುಕ್ಕರ್ ಇಳಿಸುವಷ್ಟರಲ್ಲಿ ಬೂಟಿನ ದಾರ ಕಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಆಟೋದಲ್ಲಿ ಗುಡ್ಡದ ಬುಡಕ್ಕೆ ಹೋದೆವು. ಇನ್ನೂರ ಎಂಬತ್ತು ಮೆಟ್ಟಿಲು. ನಿಧಾನ ಎಂದು ಬರೆದುಕೊಂಡಿದ್ದೆನಲ್ಲ, ಇಪ್ಪತ್ತು ಮೆಟ್ಟಿಲಿಗೊಮ್ಮೆ ಅವಳನ್ನು ಕೂರಿಸಿದೆ. ಅವಳು ಕೂರಲೊಲ್ಲಳು. "ನೀನು ಕೂತ್ಕೊಮ್ಮ, ಏದುಸಿರು ಬಿಡ್ತಿರಾದು ನೀನು" ಎಂದು ನನ್ನನ್ನೇ ಕೂರಿಸಿ ಮೇಲೆ ಹೋಗಿ ನಿಂತು ಕೈಬೀಸಿದಳು. ಕೊನೆಯ ಹತ್ತಾರು ಮೆಟ್ಟಿಲು ಹೆಚ್ಚುಕಡಿಮೆ ಓಡಿದಳು. ಕಾಯಿ ಒಡೆಸಿದೆ. ತೀರ್ಥ ತೆಗೆದುಕೊಂಡು ಅವಳ ಮೊಣಕಾಲಿಗೆ ಸವರಿದೆ. ಗಾಳಿ ಜೋರಾಗಿತ್ತು. ನಾನು ಅಷ್ಟು ಸಂತೋಷವಾಗಿದ್ದು ಯಾವಾಗಲೋ.

ಇಳಿಯುವಾಗ ಅರ್ಧ ದಾರಿಯಲ್ಲಿ ಅವಳು ಮಾತು ನಿಲ್ಲಿಸಿದಳು. ಆಮೇಲೆ ನನ್ನ ಹೆಗಲು ಹಿಡಿದುಕೊಂಡಳು. ಕೊನೆಯ ನಲವತ್ತು ಮೆಟ್ಟಿಲು ಎಡಗಾಲು ಮೊದಲಿಟ್ಟರೆ ಬಲ ಮೊಣಕಾಲು ಗಡಗಡ ನಡುಗುವುದು ಬಟ್ಟೆಯ ಮೇಲೆಯೇ ಕಾಣುತ್ತಿತ್ತು.

ಮಂಗಳವಾರ ಬೆಳಿಗ್ಗೆ ಟೇಪ್ ಹಿಡಿದರೆ ಮೊಣಕಾಲು ಎರಡೂವರೆ ಸೆಂಟಿಮೀಟರ್ ಜಾಸ್ತಿ. ಚಿಪ್ಪಿನ ಎರಡೂ ಕಡೆಯ ಗುಳಿ ಮುಚ್ಚಿಹೋಗಿತ್ತು. ಒತ್ತಿದರೆ ನೀರು ತುಂಬಿದ ಬಲೂನಿನ ಹಾಗೆ ಮೆತ್ತಗೆ. ಮರುದಿನ ಬುಧವಾರ. ಅಳತೆ ಕಳುಹಿಸುವ ದಿನ. ಅದೇ ಮೂರನೇ ತಿಂಗಳ ವರದಿ ಕೂಡ.

ಬುಧವಾರ ಕಾಳಿನ ಕವರು ಕಟ್ಟಿಕೊಂಡೇ ಮಗಳು ಹೇಳಿದಳು, "ಅಮ್ಮ, ಹೋದ ವಾರದ ನಂಬರೇ ಬರ್ದು ಕಳ್ಸು."

"ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲ! ನಾಕು ದಿನಕ್ಕೆ ಇಳಿದೋಗ್ತದೆ. ಇವತ್ತು ಇದು ಹೋದ್ರೆ ನನ್ ಜಾಗ ಹೋಗ್ಬುಡ್ತದೆ. ಅವ್ಳು ಮೂರು ಸಲ ತಿರುಗಿದ್ದು ನೀನು ನೋಡಿಲ್ವಾ?"

"ಮೇಲೆ ಶ್ರೀ ಅಂತ ಬರ್ದಿದೀನಿ ಕಣೇ. ಅದ್ರ ಕೆಳಗೆ ಸುಳ್ಳು ಬರೀಲಾ?"

"ಹತ್ಸಿದ್ದು ನೀನು. ಶ್ರೀ ನಿಂದು. ಹೋಗಾದು ಮಾತ್ರ ನನ್ ಕೆಲ್ಸ."

ಆಚೆ ಹೋಗಿ ಹಸುವಿಗೆ ಹುಲ್ಲು ಹಾಕಿದೆ, ಅದಾಗಲೇ ಹಾಕಿಯಾಗಿತ್ತು. ಕೊಟ್ಟಿಗೆ ಗುಡಿಸಿದೆ. ಒಳಗೆ ಬಂದು ಫೋನು ತೆಗೆದು ಇಟ್ಟೆ, ಮತ್ತೆ ತೆಗೆದೆ. ದೇವರ ಮುಂದೆ ನಿಂತರೆ ಅವನೂ ಏನೂ ಹೇಳಲಿಲ್ಲ. ಹೇಳಿದ್ದಾನೆ ಅಂದುಕೊಂಡು ಹೋದದ್ದಕ್ಕೇ ಹೀಗಾಗಿತ್ತು.

ಕೊನೆಗೆ ನನಗೆ ದಾರಿ ತೋರಿದ್ದು ಹೊಲಿಗೆ. ಮದುವೆ ಗೊತ್ತಾದ ಹುಡುಗಿಯೊಬ್ಬಳು ಒಮ್ಮೆ ನಾಚಿಕೊಂಡು ತೋಳಿನ ಅಳತೆ ಒಂದಿಂಚು ಕಡಿಮೆ ಹೇಳಿದ್ದಳು. ನಾನೂ ಅಳೆಯದೆ ಹೊಲಿದುಕೊಟ್ಟೆ. ಧಾರೆ ಎರೆಯುವ ಹೊತ್ತಿಗೆ ಕೈ ಎತ್ತಿದಾಗ ರವಿಕೆ ಕಂಕುಳಿನಿಂದ ಹರಿಯಿತು. ಇವತ್ತು ನಾನು ಹೋದ ವಾರದ ಅಂಕಿ ಬರೆದರೆ ಮೇಡಂ ಅದನ್ನು ನಂಬಿ ಮುಂದಿನ ವ್ಯಾಯಾಮ ಹೇಳುತ್ತಾರೆ. ಓಡು ಎನ್ನುತ್ತಾರೆ. ಇವಳು ಓಡುತ್ತಾಳೆ. ಹರಿಯುವುದು ರವಿಕೆಯಲ್ಲ.

ಇದ್ದದ್ದನ್ನೇ ಬರೆದೆ. ಫೋಟೋ ತೆಗೆದು ಕಳುಹಿಸಿದೆ. ಆಮೇಲೆ ಗುಡ್ಡ ಹತ್ತಿದ್ದನ್ನೂ ನನ್ನ ಬಾಯಲ್ಲೇ ಹೇಳಿ ಧ್ವನಿ ಸಂದೇಶ ಕಳುಹಿಸಿದೆ. ಮಗಳು ಅಲ್ಲೇ ಕೂತು ಕೇಳಿಸಿಕೊಂಡಳು. ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಿಗ್ನಲ್ ಸಿಕ್ಕಿತೇನೋ, ಅರ್ಧ ಗಂಟೆಯಲ್ಲೇ ಮೇಡಂ ಫೋನು ಬಂತು.

"ಅಮ್ಮಾ, ಎತ್ತನೆ ಪಡಿ?" ಎಷ್ಟು ಮೆಟ್ಟಿಲು ಎಂದು.

"ಇನ್ನೂರ ಎಂಬತ್ತು, ಮೇಡಂ."

"ಕಡವುಳೇ! ನಾನು ಪತ್ತು ಅಲ್ಲವಾ ಹೇಳಿದ್ದು!" ಎಂದು ದೇವರನ್ನು ಕರೆದು, ಹೊಸೂರಿನಲ್ಲಿ ಕಲಿತ ತಮ್ಮ ಅರೆ ಕನ್ನಡದಲ್ಲಿ ಕೂಗಿದರು.

"ನಾನು ಹತ್ತು ಅಂತಲೇ ಬರ್ಕೊಂಡೆ ಮೇಡಂ. ಆಮೇಲೆ ನೋಡ್ದಾಗ ಹತ್ತು ಅಂತಿತ್ತು, ಅದಕ್ಕೇ ಹತ್ತಿಸ್ದೆ."

ಕನ್ನಡದಲ್ಲಿ ಆ ಎರಡೂ ಒಂದೇ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಬೆವರು ಬಂತು. ಅವರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಹತ್ತುವುದಕ್ಕಿಂತ ಇಳಿಯುವುದೇ ಈ ಮೊಣಕಾಲಿಗೆ ಹೆಚ್ಚು ಭಾರ, ಒಳಗಿನ ಕಟ್ಟು ಉಳಿದಿದೆಯೋ ನೋಡಬೇಕು ಎಂದರು. ಮರುದಿನವೇ ಹೊಸೂರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಕಟ್ಟು ಉಳಿದಿತ್ತು. ಬರೀ ಬಾವು. ಆ ದಿನದ್ದನ್ನು ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಮೂರು ವಾರ ಕಾಲಿಗೆ ಏನೂ ಕೆಲಸ ಕೊಡಬಾರದು, ಇನ್ನು ಮುಂದೆ ಎಣಿಕೆ ಯಾವುದಿದ್ದರೂ ಅಂಕಿಯಲ್ಲೇ ಬರೆಯಬೇಕು, ಅಕ್ಷರದಲ್ಲಿ ಕೂಡದು, ಎಂದು ಮೇಡಂ ಅಪ್ಪಣೆಯಾಯಿತು.

ಮುಂದಿನ ವಾರ ಕ್ಲಬ್ಬಿನಿಂದ ಪತ್ರ ಬಂತು. ಹತ್ತನೇ ನಂಬರು ಆ ಹೊಸ ಹುಡುಗಿಗೆ. ಇವಳ ಒಪ್ಪಂದ ಶಿಬಿರದ ಪರೀಕ್ಷೆ ಆದಮೇಲೆ.

ಮಗಳು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ ಟಿ.ವಿ. ಮುಂದೆ ಕೂತು ಉಣ್ಣುತ್ತಿದ್ದಳು. ಯಜಮಾನರು ಅವಳ ಮಾತು ನನಗೆ, ನನ್ನ ಮಾತು ಅವಳಿಗೆ ದಾಟಿಸುತ್ತಿದ್ದರು. "ಉಪ್ಪು ಕಮ್ಮಿಯಂತೆ." "ಉಪ್ಪಿನ ಡಬ್ಬಿ ಅಲ್ಲೇ ಐತೆ ಅಂತ ಹೇಳಿ." ಐದನೇ ದಿನ ಅವರಿಗೆ ಸಾಕಾಯಿತು. "ನಾನು ಫ್ಯಾಕ್ಟರಿನಾಗೆ ಮಿಷಿನ್ ಆಪರೇಟ್ರು, ಇಲ್ಲಿ ಪೋಸ್ಟ್‌ಮನ್ನು" ಎಂದು ಗೊಣಗಿ ಬಸ್ಸಿಗೆ ಹೊರಟರು.

ಅವತ್ತೇ ಹಾಲು ಉಕ್ಕಿದ್ದು. ನಾನು ಹಿತ್ತಲಲ್ಲಿದ್ದೆ, ಅವಳಿಗೆ ಹಾಲು ನೋಡಿಕೋ ಎಂದು ಕೂಗಿ ಹೇಳಿದ್ದೆ. ಒಲೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತಿದ್ದಳು. ಸೀದ ವಾಸನೆಗೆ ಓಡಿಬಂದರೆ ಹಾಲು ಅಷ್ಟೂ ಕಟ್ಟೆಯ ಮೇಲೆ.

"ಹಿಂದೆ ಏನಾಗ್ತೈತೆ ಅಂತ ಒಂದ್ಸಲಾನಾದ್ರೂ ತಿರುಗಿ ನೋಡ್ಬೇಕು ಅಂತ ಅನ್ಸಲ್ವೇನೇ ನಿಂಗೆ? ನಾನು ಇಪ್ಪತ್ತೈದು ವರ್ಷದಿಂದ ಒಲೆಗೆ ಬೆನ್ನು ಹಾಕಿ ತರಕಾರಿ ಹೆಚ್ತಿದೀನಿ, ಒಂದು ಸಲ ಹಾಲು ಉಕ್ಕಿಸಿಲ್ಲ. ಹಿಂಗಿದ್ರೆ ಅಲ್ಲಿ ಹೆಂಗೆ ಆಡ್ತೀಯೇ ನೀನು, ಗೋಲಿಗೆ ಬೆನ್ನು ಹಾಕಿ?"

ಸಿಟ್ಟಿನಲ್ಲಿ ಆಡಿದ ಮಾತು. ಅವಳು ಬಟ್ಟೆ ತಂದು ಕಟ್ಟೆ ಒರೆಸಿದಳು. ಒರೆಸುತ್ತಲೇ, ತಲೆ ಎತ್ತದೆ, "ಕೋಚ್ ಸರ್ರೂ ಅದೇ ಅನ್ನಾದು" ಎಂದಳು.

"ಏನಂತ?"

"ನೀನು ಚೆಂಡು ಬಂದ್ಮೇಲೆ ನೋಡ್ತೀಯ, ಬರಾಕೆ ಮುಂಚೆ ನೋಡು ಅಂತ. ಕಾಲು ಜೋರಾಗಿತ್ತು, ನೋಡ್ದಲೇನೇ ತಿರುಗಿ ತಪ್ಪಿಸ್ಕೊಂತಿದ್ದೆ." ಬಟ್ಟೆ ಹಿಂಡುತ್ತ ಕೇಳಿದಳು, "ನೀನು ಹೆಂಗಮ್ಮ ನೋಡ್ತೀಯ, ಹಾಲು?"

ನಾನು ಯೋಚಿಸಿ ನೋಡಿದೆ. ಒಂದು ಬೀನ್ಸ್ ಹೆಚ್ಚಿ ಇನ್ನೊಂದು ಕೈಗೆ ತೆಗೆದುಕೊಳ್ಳುವ ನಡುವೆ ಕತ್ತು ಒಂದಿಷ್ಟು ತಿರುಗುತ್ತದೆ. ನನಗೇ ಗೊತ್ತಿಲ್ಲದೆ. ಚಾಕು ನಿಲ್ಲುವುದಿಲ್ಲ. ಮಾಡಿ ತೋರಿಸಿದೆ. ಅವಳು ಎರಡು ಸಲ ಮಾಡಿಸಿ ನೋಡಿದಳು.

ಮೇಡಂಗೆ ಹೇಳಿದಾಗ, ಕಾಲಿಗೆ ರಜೆ ಇರುವ ಮೂರು ವಾರ ಇದನ್ನೇ ಮಾಡಿಸಿ ಎಂದರು. ಮೊದಲು ಸ್ಟೂಲಿನ ಮೇಲೆ ಕೂರಿಸಿಯೇ ಶುರು ಮಾಡಿದೆವು. ಅವಳು ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ಕೂತು ಕೈಯಿಂದ ಚೆಂಡು ಎಸೆಯುವುದು, ಅದು ಬಡಿದು ವಾಪಸು ಬರುವಷ್ಟರಲ್ಲಿ ಕತ್ತು ತಿರುಗಿಸಿ ಹಿಂದೆ ನಿಂತ ನನ್ನ ಕೈ ನೋಡುವುದು. ನನ್ನ ಕೈಯಲ್ಲಿ ಟೊಮೇಟೊ ಇದ್ದರೆ ಎಡಕ್ಕೆ, ನಿಂಬೆಹಣ್ಣು ಇದ್ದರೆ ಬಲಕ್ಕೆ, ಬರಿಗೈಯಾದರೆ ಚೆಂಡು ಬಂದ ಕಡೆಗೇ. ಚೆಂಡು ಹಿಡಿಯುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಹಿಡಿದ ಮೇಲೆ ಹೇಳಿದರೆ ಲೆಕ್ಕಕ್ಕಿಲ್ಲ. ಮೊದಲ ದಿನ 20ಕ್ಕೆ 6 ಸರಿ. ಅಂಕಿಯಲ್ಲೇ ಬರೆದೆ.

"ಅಮ್ಮ, ನೀನು ಹೆಂಗ್ ನಿಂತಿದೀಯ ಅಂದ್ರೆ ಮಂಗಳಾರತಿ ತಗೊಳಾಕೆ ನಿಂತಂಗೆ! ಡಿಫೆಂಡ್ರು ಕಣಮ್ಮ ನೀನು, ಓಡಾಡು. ನನ್ ಮೇಲೆ ಬೀಳಾಂಗ್ ಬಾ."

ಸೀರೆಯ ಸೆರಗು ಸಿಕ್ಕಿಸಿ ಓಡಾಡಿದೆ. ನಿಂಬೆಹಣ್ಣು ತೋರಿಸಿದಂತೆ ಮಾಡಿ ಟೊಮೇಟೊ ತೋರಿಸಿದೆ. ಅವಳು "ಮೋಸ!" ಎಂದು ಕೂಗಿದಳು. ಬೇಲಿಯಾಚೆ ಹೋಗುವವರು ನಿಂತು ನೋಡಿ, ಈ ತಾಯಿ ಮಗಳಿಗೆ ಏನೋ ಆಗಿದೆ ಎಂದುಕೊಂಡು ಹೋಗುತ್ತಿದ್ದರು. ಒಂದು ದಿನ ನಾನು ಒಂದರಿಂದ ಹತ್ತರವರೆಗೆ ಎಣಿಸುತ್ತ ಆರು ದಾಟುತ್ತಲೇ ಅವಳು ಸ್ಟೂಲಿನಿಂದ ಎದ್ದು ನಿಂತಳು.

"ಯಾಕೆದ್ದೆ?"

"ನೀನೇ ಏಳು ಅಂದ್ಯಲ್ಲಮ್ಮ. ನಿನ್ ಮಾತು ಕೇಳ್ದೆ."

"ಏಯ್, ಮುಚ್ಕೊಂಡ್ ಕೂತ್ಕೊ!"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿನಲ್ಲಿ ಗುಡ್ಡದ ಸಿಟ್ಟು ಒಂದಿಷ್ಟು ಉಳಿದಿತ್ತು, ನನಗೆ ಗೊತ್ತು. ಆದರೂ ನಕ್ಕಳಲ್ಲ.

ಬಾವು ಇಳಿಯಿತು. ಇಟ್ಟಿಗೆ ಮೆಟ್ಟಿಲು ಬಂತು, ಈ ಸಲ 10. ಯುಗಾದಿ ಕಳೆದ ಮೇಲೆ ತೋಟದ ಬದುವಿನಲ್ಲಿ ನೇರ ಓಟ, ಆಮೇಲೆ ಟೊಮೇಟೊ ಕ್ರೇಟುಗಳ ನಡುವೆ ಅಂಕುಡೊಂಕು ಓಟ. ಸ್ಟೂಲು ಹೋಗಿ ಅವಳು ನಿಂತು ಆಡುವಂತಾಯಿತು. ಮೊದಲ ಪಾಳಿ ಮುಗಿಸಿ ಬಂದ ಯಜಮಾನರು ಚಪ್ಪಲಿ ಕಾಲಲ್ಲೇ ಎದುರಿನಿಂದ ಚೆಂಡು ಒದ್ದು ಕೊಡುತ್ತಿದ್ದರು. ಹತ್ತಕ್ಕೆ ನಾಲ್ಕು ಸಲ ಚಪ್ಪಲಿಯೇ ಮುಂದೆ ಬರುತ್ತಿತ್ತು. ತೊಡೆ ಮಾತ್ರ ಪೂರ್ತಿ ತುಂಬಲೇ ಇಲ್ಲ. ಎಡಕ್ಕಿಂತ ಬಲ ಇನ್ನೂ 1 ಸೆಂಟಿಮೀಟರ್ ಕಡಿಮೆ ಇರುವಾಗಲೇ ಆಡಿ ತಿಂಗಳು ಬಂತು. ಮೊದಲಿನ ಜೋರು ಓಟದಲ್ಲಿ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಹೊರಡುವ ಹಿಂದಿನ ದಿನ ಮೂರು ಸಲ ಬ್ಯಾಗು ಬಿಚ್ಚಿ ಮೂರು ಸಲ ಕಟ್ಟಿದಳು.

ಶಿಬಿರ ಬೆಂಗಳೂರಿನಲ್ಲಿ. ಕೊನೆಯ ದಿನ ಅಭ್ಯಾಸ ಪಂದ್ಯ, ಮನೆಯವರು ಬಂದು ನೋಡಬಹುದು ಎಂದರು. ಯಜಮಾನರಿಗೆ ರಜೆ ಸಿಗಲಿಲ್ಲ. ನಾನೊಬ್ಬಳೇ ಹೊಸೂರಿಗೆ ಬಂದು ಬಸ್ಸು ಹಿಡಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಅದನ್ನೂ ಬರೆದುಕೊಳ್ಳಬೇಕು ಎಂದುಕೊಂಡೆ, ಆದರೆ ಅತ್ತಿಬೆಲೆ ದಾಟಿದರೂ ಕೈ ನೋಟ್‌ಬುಕ್ಕಿಗೆ ಹೋಗಲಿಲ್ಲ.

ಮೈದಾನದಲ್ಲಿ ಎಲ್ಲರಿಗೂ ನಂಬರಿಲ್ಲದ ಬನಿಯನ್ನು ಹಾಕಿಸಿದ್ದರು, ಅರ್ಧ ಜನಕ್ಕೆ ಕಿತ್ತಳೆ, ಅರ್ಧ ಜನಕ್ಕೆ ಹಸಿರು. ಇವಳು ಮೊದಲರ್ಧ ಬೆಂಚಿನಲ್ಲಿ. ಬೆಂಚಿನ ಕೆಳಗೆ ಅವಳ ಎಡಗಾಲು ತಟ್ಟುವುದು ನನಗೆ ಅಷ್ಟು ದೂರಕ್ಕೂ ಕಾಣುತ್ತಿತ್ತು. ಎರಡನೇ ಅರ್ಧದಲ್ಲಿ ಕಿತ್ತಳೆಯವರ ಕಡೆ ಇಳಿಸಿದರು. ಹೊಸ ಹುಡುಗಿಯನ್ನು ತೆಗೆಯಲಿಲ್ಲ, ಅವಳನ್ನು ಮುಂದಕ್ಕೆ ಕಳುಹಿಸಿ ಇವಳನ್ನು ಅವಳ ಹಿಂದೆ ನಿಲ್ಲಿಸಿದರು.

ಮೊದಲ ಸಲ ಚೆಂಡು ಬಂದಾಗ ಓಡುವುದಕ್ಕೆ ಹೋಗಿ ಸೋತಳು. ಹಸಿರಿನವಳು ಸುಲಭವಾಗಿ ದಾಟಿಹೋದಳು. ಎರಡನೇ ಸಲವೂ ಅಷ್ಟೇ. ನಾನು ಮಡಿಲಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದೆ. ಆಮೇಲೆ ಅವಳು ಓಡುವುದನ್ನು ಬಿಟ್ಟಳು. ನಡೆದಾಡತೊಡಗಿದಳು, ಕತ್ತು ಮಾತ್ರ ಆಡುತ್ತಿತ್ತು. ಒಂದು ಬೀನ್ಸಿಗೂ ಇನ್ನೊಂದಕ್ಕೂ ನಡುವೆ ತಿರುಗುವ ಹಾಗೆ, ಎಡ ಹೆಗಲ ಮೇಲೆ, ಬಲ ಹೆಗಲ ಮೇಲೆ.

ಮೂರನೇ ಚೆಂಡು ಬರುತ್ತಿದ್ದಾಗ ಹಸಿರಿನವಳು ಬಲಗಡೆಯಿಂದ ಮೇಲೆ ಬಿದ್ದಳು. ಮಗಳು ಅದಕ್ಕೆ ಮುಂಚೆಯೇ ಅತ್ತ ನೋಡಿ ಮುಗಿಸಿದ್ದಳು. ಟೊಮೇಟೊ, ಎಂದೆ ನಾನು, ಗಟ್ಟಿಯಾಗಿಯೇ. ಅವಳು ಎಡಕ್ಕೆ ತಿರುಗಿದಳು, ಪಾದವೂ ಮೊಣಕಾಲೂ ಮೈಯೂ ಒಟ್ಟಿಗೆ. ಒಂದೇ ತಟ್ಟು. ಚೆಂಡು ಇಬ್ಬರ ನಡುವಿನ ಸಂದಿಯಲ್ಲಿ ಹೋಗಿ ಮುಂದೆ ಓಡುತ್ತಿದ್ದ ಆ ಹೊಸ ಹುಡುಗಿಯ ಕಾಲಿಗೆ ಸಿಕ್ಕಿತು. ಅವಳು ಗೋಲು ಹೊಡೆದಳು. ಹೊಡೆದವಳು ತಿರುಗಿ ಓಡಿಬಂದು ನನ್ನ ಮಗಳನ್ನು ಎತ್ತಿಕೊಂಡಳು. ಮೊಣಕಾಲು ಜೋಪಾನ, ಎಂದು ಅಲ್ಲಿಂದಲೇ ಕೂಗಿದೆ.

ಸಂಜೆ ಐದರ ಹೊತ್ತಿಗೆ ಕೋಚ್ ನನ್ನ ಹತ್ತಿರ ಬಂದರು. ಎದ್ದು ನಿಂತೆ.

"ನಿಮ್ಮ ಮಗಳು ಮುಂಚೆಗಿಂತ ನಿಧಾನ ಆಗಿದ್ದಾಳೆ, ಅಮ್ಮ."

"ಹೌದು ಸರ್. 1 ಸೆಂಟಿಮೀಟರ್ ಇನ್ನೂ ಬಂದಿಲ್ಲ."

ಅವರು ನಕ್ಕರು. "ಆದ್ರೆ ಮುಂಚೆಗಿಂತ ಬೇಗ ನೋಡ್ತಾಳೆ. ನಮಗೆ ಅದು ಬೇಕು. ಸಹಿ ಹಾಕಿಸ್ತಿದ್ದೀವಿ, ಒಂದು ಸೀಸನ್ನಿಗೆ." ಅಷ್ಟು ಹೇಳಿ ಹೋದರು.

ನಾನು ಮತ್ತೆ ಕಟ್ಟೆಯ ಮೇಲೆ ಕೂತು ಕೈ ಮುಗಿದೆ. ಯಾವ ದಿಕ್ಕಿಗೆ ಎಂದು ನೋಡಲಿಲ್ಲ.

ಮಗಳು ಬಂದದ್ದು ಸ್ನಾನ ಮಾಡಿ, ಕೂದಲು ಒದ್ದೆ. ಕೈಯಲ್ಲೊಂದು ಹೊಸ ಕವರು. ಮುಖದಲ್ಲಿ ಸಂತೋಷವೂ ಇತ್ತು, ಇನ್ನೇನೋ ಇತ್ತು. ನನ್ನ ಪಕ್ಕ ಕೂತು ಕವರನ್ನು ನನ್ನ ಮಡಿಲಿಗೆ ಇಟ್ಟಳು.

"ಹತ್ತು ಅವ್ಳಿಗೇ ಹೋಯ್ತಮ್ಮ. ಜಾಗ ನಂದೇ ಅಂತ ಅಂದ್ರು, ಆದ್ರೆ ನಂಬ್ರು ಇದು."

ಕವರಿನಿಂದ ಜರ್ಸಿ ತೆಗೆದು ಹರಡಿದೆ. ಬೆನ್ನಿನ ಮೇಲೆ ದಪ್ಪ ಬಿಳಿ ಅಂಕಿ. ಒಂದು ಸಲ ಮನಸ್ಸಿನಲ್ಲಿ ಅದನ್ನು ಕನ್ನಡದಲ್ಲಿ ಓದಿಕೊಂಡೆ. ಮೈ ಜುಮ್ಮೆಂದಿತು, ಗುಡ್ಡಕ್ಕೆ ಹೋದ ಬೆಳಿಗ್ಗೆ ಜುಮ್ಮೆಂದ ಹಾಗೆಯೇ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೇಳ್ಬುಡು ಪರ್ವಾಗಿಲ್ಲ," ಎಂದಳು. "ಏನೋ ಹೇಳ್ಬೇಕು ಅಂತಿದೀಯ ನೀನು."

"ಏನಿಲ್ಲ ಕಣವ್ವ. ಬಟ್ಟೆ ಚೆನ್ನಾಗೈತೆ. ಹೊಲಿಗೆ ಗಟ್ಟಿಯಾಗಿ ಹಾಕವ್ರೆ."

ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು, ಕೊನೆಯ ಹಾಳೆಯಲ್ಲಿ ಉಳಿದಿದ್ದ ಜಾಗದಲ್ಲಿ ಜರ್ಸಿ ಎಂದು ಬರೆದು, ಮುಂದೆ ಅಂಕಿಯಲ್ಲಿ, ಮೇಡಂ ಹೇಳಿದ್ದ ಹಾಗೆಯೇ, 7 ಎಂದು ಬರೆದೆ. ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅಂಕಿ ಅವಳಿಗೂ ಓದಲು ಬರುತ್ತದೆ. ಆಮೇಲೆ ಎದ್ದು ನಿಂತು, ನನ್ನನ್ನು ಎಬ್ಬಿಸಲು ಕೈ ಚಾಚಿದಳು.